ಭಂಗಿ, ಗಾಂಜಾ ಮತ್ತು ನಮ್ಮ ತರುಣರ ಎರಡು ವಾದಗಳು

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯಿಂದ ಬರುವ ವಿದ್ಯಾರ್ಥಿಗಳೊಡನೆ ಗಾಂಜಾದ ಮಾತೆತ್ತಿದಾಗ ಎರಡು ವಾದಗಳು ಮತ್ತೆ ಮತ್ತೆ ನಮ್ಮ ಕಿವಿಗೆ ಬಿದ್ದಿವೆ. ಸಾಧುಸಂತರು ಸೇವಿಸಿದ ಶಿವನ ಸೊಪ್ಪಾದುದರಿಂದ ಅದು ನಿರ್ದೋಷವಾದುದು ಎಂಬುದು ಒಂದು. ಅದರ ನಿಷೇಧ ಆಂಗ್ಲರು ಹೇರಿಹೋದ ಕಟ್ಟಳೆ ಎಂಬುದು ಇನ್ನೊಂದು. ಎರಡೂ ಇತಿಹಾಸವನ್ನೇ ಸಾಕ್ಷಿಗೆ ಕರೆಯುವುದರಿಂದ ಇತಿಹಾಸದ ಅಧ್ಯಾಪಕರಾದ ನಾವು ಇವನ್ನು ನಕ್ಕು ಬದಿಗೊತ್ತುವಂತಿಲ್ಲ.

ಎರಡನೆಯದನ್ನು ಮೊದಲು ಪರಿಶೀಲಿಸೋಣ. 1893ರಲ್ಲಿ ಬ್ರಿಟಿಷ್ ಸರ್ಕಾರವು ಭಂಗಿ, ಗಾಂಜಾ, ಚರಸ್‌ಗಳ ವಿಚಾರಣೆಗಾಗಿ ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಸಾವಿರಕ್ಕೂ ಮಿಕ್ಕ ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ಅದು ನೀಡಿದ ಅಭಿಪ್ರಾಯವು ಇಂದಿನ ಓದುಗನನ್ನು ಬೆರಗುಗೊಳಿಸೀತು: ಮಿತಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಸೇವನೆ ಹಾನಿಕರ, ನಿಷೇಧ ಬೇಡ, ಪರವಾನಗಿ ಮತ್ತು ಸುಂಕಗಳಿಂದ ಹತೋಟಿಯಲ್ಲಿಟ್ಟರೆ ಸಾಕು. ಬೊಕ್ಕಸದ ಚಿಂತೆಯೂ ಇದರ ಹಿಂದೆ ಇಲ್ಲದಿರಲಿಲ್ಲ. ನಮ್ಮ ಮೂರು ತಾಲ್ಲೂಕುಗಳಂತೂ 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1961ರ ಅಂತರರಾಷ್ಟ್ರೀಯ ಒಪ್ಪಂದದ ತರುವಾಯ ಗಾಂಜಾ ಚರಸ್‌ಗಳನ್ನು ದೇಶಾದ್ಯಂತ ನಿಷೇಧಿಸಿದ ಶಾಸನ 1985ರದು. ಅದನ್ನು ಮಾಡಿದುದು ನಮ್ಮದೇ ಸಂಸತ್ತು. ಹೂಗೊನೆಯಿಲ್ಲದ ಬರಿಯ ಎಲೆಯನ್ನು ಅದು ಗಾಂಜಾ ಎಂದು ಎಣಿಸುವುದಿಲ್ಲ. ಆದರೆ ಗಿಡ ಬೆಳೆದವನಿಗೆ 10 ವರ್ಷಗಳವರೆಗೆ ಕಠಿಣ ಸೆರೆವಾಸ ವಿಧಿಸಬಹುದು. ತೊಗರಿಯ ಸಾಲಿನ ನಡುವೆ ನಾಲ್ಕು ಗಿಡ ಬೆಳೆಸಿದ ರೈತನ ಮಗ ಈ ಸೂಕ್ಷ್ಮವನ್ನು ಠಾಣೆಯಲ್ಲಿ ಕಲಿಯಬೇಕಾಗುತ್ತದೆ.

ಮೊದಲನೆಯ ವಾದದಲ್ಲಿ ಸತ್ಯಾಂಶವುಂಟು. ನೆರೆಯ ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಜಾತ್ರೆಯಲ್ಲಿ, ಗಾಂಜಾ ಪ್ರಸಾದವಾಗಿ ಸಲ್ಲುವುದನ್ನು 2020ರಲ್ಲಿ ಪತ್ರಿಕೆಗಳು ವರದಿಮಾಡಿದವು. ಆರೂಢ, ಅವಧೂತ ಪರಂಪರೆಗಳ ಕೆಲವರಲ್ಲಿಯೂ ಅದರ ಬಳಕೆಯುಂಟು. ಆದರೆ ಅಲ್ಲಿ ಪೂಜೆಯ ಕಟ್ಟಿದೆ, ದಿನದ ಕಟ್ಟಿದೆ, ಸ್ಥಳದ ಕಟ್ಟಿದೆ. ಸಾಧುವಿನ ಚಿಲುಮೆಗೆ ಕೈಮುಗಿದ ಊರೇ ಸಂಸಾರಸ್ಥನ ಮಗನನ್ನು 'ಗಾಂಜಾಕೋರ' ಎಂದು ಬಯ್ದಿತು. ವಿರಕ್ತನಿಗೆ ಸಲ್ಲುವುದು ಗೃಹಸ್ಥನಿಗೆ ಅಪಕೀರ್ತಿಕರವೆಂಬ ಈ ಭೇದವನ್ನು ಆ ಆಯೋಗವೂ ಗುರುತಿಸಿತ್ತು. ಪರಂಪರೆಯ ಹೆಸರು ಹೇಳುವ ತರುಣನು ಕಟ್ಟನ್ನು ಬಿಟ್ಟು ಸೊಪ್ಪನ್ನು ಮಾತ್ರ ಆಯ್ದುಕೊಂಡಿರುತ್ತಾನೆ. ಅವನಿಗೆ ಅದನ್ನು ಒದಗಿಸುವವನು ಗುರುವೂ ಅಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಇದೇ ಕಲಬುರಗಿ ಜಿಲ್ಲೆಯ ಕುರಿಸಾಕಣೆಯ ಜಾಗವೊಂದರಲ್ಲಿ 1,300 ಕಿಲೋಗ್ರಾಮಿಗೂ ಹೆಚ್ಚು ಗಾಂಜಾ ವಶಪಡಿಸಿಕೊಂಡರು. ಮಾಲು ಬಂದುದು ಒಡಿಶಾದಿಂದ.

'ಎಲ್ಲರೂ ಸೇದುತ್ತಾರೆ' ಎಂಬ ಮಾತೂ ನಿಲ್ಲುವಂಥದಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ 10ರಿಂದ 75 ವರ್ಷದವರಲ್ಲಿ ಗಾಂಜಾ ಚರಸ್ ಬಳಸುವವರು ನೂರಕ್ಕೆ ಸುಮಾರು 1.2 ಮಂದಿ.

ಇನ್ನು ಹಿರಿಯರು, ತಮ್ಮ ಕಾಲದಲ್ಲಿ ಇದರ ಹೆಸರೇ ಇರಲಿಲ್ಲವೆನ್ನುತ್ತಾರೆ. ತಂದೆ ಹೀಗೆ ಅಲ್ಲಗಳೆದರೆ, ಮಗ ಈ ಸೊಪ್ಪಿನ ಇತಿಹಾಸವನ್ನು ಮಾರುವವನ ಬಾಯಿಂದ ಕೇಳಬೇಕಾದೀತು. ಆಯೋಗದ ವರದಿ ಹೊರಬಂದ 1894ರಲ್ಲಿಯೇ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ 'ಭಂಗಿ' ಎಂಬ ಶಬ್ದ ಇದೆ.