ಸುರಪುರದ ಕಿರುಚಿತ್ರ ಪರಂಪರೆ ಮತ್ತು ಅದರ ಪುನರುಜ್ಜೀವನ

ಭೀಮಾ ಮತ್ತು ಕೃಷ್ಣಾ ನದಿಗಳ ನೀರುಂಡ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಬೆಟ್ಟದ ಕೋಟೆಗಳಿಂದಲೂ ಶೂರರ ಚರಿತ್ರೆಯಿಂದಲೂ ಪ್ರಸಿದ್ಧವಾಗಿದೆ. ಆದರೆ ಇದೇ ಸೀಮೆಯಲ್ಲಿ ಒಂದು ಸುಕುಮಾರ ಚಿತ್ರಕಲೆಯೂ ಬಾಳಿ ಬೆಳಗಿತೆಂಬ ಸಂಗತಿ ಅನೇಕರ ಗಮನಕ್ಕೆ ಬಂದಿಲ್ಲ.

1705ರಲ್ಲಿ ವಾಗಣಗೇರಿ ಕೋಟೆಯು ಔರಂಗಜೇಬನ ಸೇನೆಯ ವಶವಾದ ಬಳಿಕ ನಾಯಕ ಅರಸರ ರಾಜಧಾನಿಯಾಗಿ ಸುರಪುರವು ಬೆಳೆಯಿತು. ಅವರ ಆಶ್ರಯದಲ್ಲಿ ಚಿತ್ರಕಾರರು ನೆಲೆಗೊಂಡರು. ಗರುಡಾದ್ರಿ ಮನೆತನದವರು ಅವರಲ್ಲಿ ಹೆಸರಾದವರು. ದೇವತಾಮೂರ್ತಿಗಳು, ಪುರಾಣಪ್ರಸಂಗಗಳು, ರಾಜಸಭೆಗಳು ಇವರ ಮುಖ್ಯ ವಸ್ತುಗಳು. ವಿಜಯನಗರದ ಪರಂಪರೆ, ದಖ್ಖನಿ ಸುಲ್ತಾನರ ಆಸ್ಥಾನಗಳ ಕುಸುರಿ, ಮೈಸೂರು ತಂಜಾವೂರುಗಳ ಚಿನ್ನದ ರೇಕಿನ ಬೆಡಗು ಇವೆಲ್ಲವೂ ಇಲ್ಲಿ ಬೆರೆತು ಒಂದು ಪ್ರತ್ಯೇಕ ಶೈಲಿಯಾಯಿತು.

1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಅದೇ ವರ್ಷ ಮರಣಹೊಂದಿದನು. ಸಂಸ್ಥಾನವು 1860ರಲ್ಲಿ ನಿಜಾಮನ ಪಾಲಾಯಿತು. ಅರಮನೆಯ ಆಶ್ರಯ ತಪ್ಪಿದ ಮೇಲೆ ಕುಂಚಗಳು ಒಂದೊಂದಾಗಿ ಒಣಗಿದವು. ಚಿತ್ರಗಳು ಮನೆಮನೆಯ ಗೋಡೆಗಳಲ್ಲಿ ಹೊಗೆ ಹಿಡಿದು, ಗೆದ್ದಲಿಗೆ ತುತ್ತಾಗಿ ಅಳಿಯತೊಡಗಿದವು.

ಹೀಗೆ ಅಳಿವಿನ ಅಂಚಿಗೆ ಬಂದ ಈ ಸಂಪ್ರದಾಯವನ್ನು ಕೈಗೆತ್ತಿಕೊಂಡವರು ಕಲಬುರಗಿಯ ಚಿತ್ರಕಲಾವಿದ ವಿಜಯ ಹಾಗರಗುಂಡಗಿಯವರು. ಅವರು ಹಳೆಯ ಚಿತ್ರಗಳನ್ನು ಹುಡುಕಿ ಸಂಗ್ರಹಿಸಿದರು, ಅವುಗಳ ರೇಖೆ ವರ್ಣಗಳ ಮರ್ಮವನ್ನು ಅಭ್ಯಸಿಸಿದರು, ಆ ಶೈಲಿಯಲ್ಲಿಯೇ ಹೊಸ ಚಿತ್ರಗಳನ್ನು ರಚಿಸಿದರು. ಪ್ರಾಚೀನ ಚಿತ್ರದ ಪ್ರತಿಯನ್ನು ತೆಗೆಯುವುದು ಒಂದು ಬಗೆ. ಅದರ ನಿಯಮವನ್ನು ಅರಗಿಸಿಕೊಂಡು ಹೊಸದನ್ನು ಬರೆಯುವುದು ಇನ್ನೊಂದು ಬಗೆ. ಮೊದಲನೆಯದರಿಂದ ಚಿತ್ರ ಉಳಿಯುತ್ತದೆ, ಎರಡನೆಯದರಿಂದ ಕಲೆಯೇ ಉಳಿಯುತ್ತದೆ.

ಈ ಮಾತು ಜೈನ ಸಮಾಜಕ್ಕೆ ಅಪರಿಚಿತವಲ್ಲ. ಮೂಡುಬಿದಿರೆಯಲ್ಲಿ ಕಾಪಿಟ್ಟ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳಲ್ಲಿ ಹನ್ನೆರಡನೆಯ ಶತಮಾನದ ವರ್ಣಚಿತ್ರಗಳಿವೆ. ಬೆರಳುಗಳಷ್ಟೇ ಅಗಲದ ಗರಿಯ ಮೇಲೆ ತೀರ್ಥಂಕರರನ್ನೂ ಯಕ್ಷಿಯರನ್ನೂ ಬಣ್ಣದಲ್ಲಿ ಮೂಡಿಸಿದ ಆ ಕೈಗಳು ಕನ್ನಡ ನಾಡಿನ ಕಿರುಚಿತ್ರಕಲೆಯ ಪ್ರಾಚೀನ ಸಾಕ್ಷಿಗಳು. ಯಾದಗಿರಿಗೆ ಸಮೀಪದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಪುಷ್ಪದಂತನು 965ರಲ್ಲಿ ಅಪಭ್ರಂಶ ಭಾಷೆಯ ತನ್ನ ಮಹಾಪುರಾಣವನ್ನು ಮುಗಿಸಿದನು. ಅದರ ಸಚಿತ್ರ ಹಸ್ತಪ್ರತಿಯೊಂದು 1540ರಲ್ಲಿ ದೆಹಲಿಯ ಬಳಿಯ ಪಾಲಂನಲ್ಲಿ ಸಿದ್ಧವಾಯಿತು. ಈ ಸೀಮೆಯ ಮಗ್ಗುಲಲ್ಲಿ ಹುಟ್ಟಿದ ಕಾವ್ಯಕ್ಕೆ ಐದುನೂರ ಎಪ್ಪತ್ತೈದು ವರ್ಷಗಳ ಬಳಿಕ ಉತ್ತರದ ಚಿತ್ರಕಾರರು ಬಣ್ಣ ಕೊಟ್ಟರು! ಶ್ರಾವಕರು ಶಾಸ್ತ್ರದಾನವನ್ನು ಪುಣ್ಯವೆಂದು ನಂಬಿ ಪ್ರತಿ ಮಾಡಿಸುತ್ತಾ ಬಂದುದರಿಂದಲೇ ಇಂಥ ಪರಂಪರೆಗಳು ಬದುಕಿದವು. ರಾಜರು ಅಳಿದರೂ ದಾನಿಗಳ ಶ್ರದ್ಧೆ ಅಳಿಯಲಿಲ್ಲ.

ಸುರಪುರದ ಕಥೆಯು ಇದರ ಮತ್ತೊಂದು ಮುಖವನ್ನು ತೋರುತ್ತದೆ. ಅಲ್ಲಿ ಆಶ್ರಯವು ಒಂದೇ ಅರಮನೆಯನ್ನು ನೆಚ್ಚಿಕೊಂಡಿತ್ತು. ಅರಮನೆ ಕುಸಿದೊಡನೆ ಕಲೆಯೂ ಕುಸಿಯಿತು. ಆಶ್ರಯವು ಸಮಾಜದ ಅನೇಕ ಕೈಗಳಲ್ಲಿ ಹಂಚಿಕೊಂಡಿರುವಲ್ಲಿ ಮಾತ್ರ ವಿದ್ಯೆ ದೀರ್ಘಾಯುವಾಗುತ್ತದೆ.

ನಮ್ಮ ಪ್ರಾಚೀನ ಶಿಲ್ಪಿ ಚಿತ್ರಕಾರರಲ್ಲಿ ಕಣ್ಣನ್ನು ಕೊನೆಗೆ ಬಿಡಿಸುವ ವಾಡಿಕೆಯಿದೆ. ಬಿಂಬಪ್ರತಿಷ್ಠೆಯಲ್ಲಿಯೂ ನಯನೋನ್ಮೀಲನವೇ ಚೇತನವನ್ನು ಸೂಚಿಸುವ ಕ್ರಿಯೆ. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ, ಬಸದಿಗಳ ಭಂಡಾರಗಳಲ್ಲಿ ಇನ್ನೂ ಕಣ್ಣು ತೆರೆಯದ ಓಲೆಗಳು, ಚಿತ್ರಪಟಗಳು ಇರಬಹುದು. ಅವುಗಳನ್ನು ಧೂಳು ಝಾಡಿಸಿ, ಬಲ್ಲವರಿಗೆ ತೋರಿಸಿ, ಕಲಿಯುವ ಕೈಗಳಿಗೆ ಮಾದರಿಯಾಗಿ ಒದಗಿಸುವುದು ಪ್ರತಿಷ್ಠಾ ಮಹೋತ್ಸವದ ನಂತರವೂ ನಡೆಯಬೇಕಾದ ಧರ್ಮಕಾರ್ಯವಾಗಿದೆ.