ಒಬ್ಬ ಕಾಲೇಜು ಅಧ್ಯಕ್ಷರ ದಿನಚರಿ

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅವುಗಳ ವಾರ್ಷಿಕ ವರದಿಗಳಿಂದಲೂ ಉತ್ಸವಗಳ ಭಾಷಣಗಳಿಂದಲೂ ತಿಳಿಯುತ್ತೇವೆ. ಅವು ಹೇಳುವುದು ಸುಳ್ಳೆಂದಲ್ಲ; ಆದರೆ ಅದೆಲ್ಲವೂ ಸಭೆಯ ಮುಂದೆ ನಿಂತು ಆಡಿದ ಮಾತು. ರಾತ್ರಿಯ ದೀಪದ ಬೆಳಕಿನಲ್ಲಿ ಒಬ್ಬ ಮನುಷ್ಯನು ತನಗಾಗಿ ಬರೆದಿಟ್ಟುಕೊಂಡ ಮಾತಿನ ಬೆಲೆಯೇ ಬೇರೆ. ಅಂತಹ ಬರಹದ ಒಂದು ದೊಡ್ಡ ಭಂಡಾರವನ್ನು ಈ ದಿನ ತೆರೆದು ನೋಡೋಣ. ಅಮೆರಿಕದ ಯೇಲ್ ಕಾಲೇಜಿಗೆ ೧೭೭೮ರಿಂದ ೧೭೯೫ರವರೆಗೆ ಅಧ್ಯಕ್ಷರಾಗಿದ್ದ ಎಜ್ರಾ ಸ್ಟೈಲ್ಸರ ಕಾಗದಪತ್ರಗಳೇ ಆ ಭಂಡಾರ.

ಯೇಲ್ ಎಂಬ ಹೆಸರಿಗೂ ನಮ್ಮ ದಕ್ಷಿಣ ದೇಶಕ್ಕೂ ಒಂದು ಸಂಬಂಧವುಂಟು. ಎಲಿಹು ಯೇಲ್ ಎಂಬಾತನು ೧೬೮೭ರಿಂದ ೧೬೯೨ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದವನು. ಕನೆಕ್ಟಿಕಟ್ ಪ್ರಾಂತದಲ್ಲಿ ೧೭೦೧ರಲ್ಲಿ ಸ್ಥಾಪಿತವಾಗಿದ್ದ ಒಂದು ಬಡ ವಿದ್ಯಾಶಾಲೆಗೆ ಆತನು ಪುಸ್ತಕಗಳನ್ನೂ ಸರಕಿನ ಮೂಟೆಗಳನ್ನೂ ಕಳುಹಿಸಿದನು. ಆ ಸರಕನ್ನು ಮಾರಿ ಬಂದ ಹಣ ಸುಮಾರು ೫೬೨ ಪೌಂಡುಗಳು. ಈ ಉಪಕಾರದ ಸ್ಮರಣೆಗಾಗಿ ೧೭೧೮ರಲ್ಲಿ ವಿದ್ಯಾಶಾಲೆಗೆ ಆತನ ಹೆಸರನ್ನಿಟ್ಟರು.

ಸ್ಟೈಲ್ಸರು ಹುಟ್ಟಿದ್ದು ೧೭೨೭ರಲ್ಲಿ. ಯೇಲ್ ಕಾಲೇಜಿನಲ್ಲಿಯೇ ಓದಿ, ಅಲ್ಲಿಯೇ ಕೆಲಕಾಲ ಪಾಠ ಹೇಳಿ, ೧೭೫೫ರಲ್ಲಿ ರೋಡ್ ಐಲೆಂಡ್ ಪ್ರಾಂತದ ನ್ಯೂಪೋರ್ಟ್ ಎಂಬ ರೇವುಪಟ್ಟಣಕ್ಕೆ ಪಾದ್ರಿಗಳಾಗಿ ಹೋದರು. ಅವರ ಕುತೂಹಲಕ್ಕೆ ಮೇರೆಯೇ ಇರಲಿಲ್ಲ. ಉಷ್ಣಮಾಪಕವನ್ನು ನೋಡಿ ಹವೆಯ ಲೆಕ್ಕ ಬರೆದರು; ರೇಷ್ಮೆಹುಳುಗಳನ್ನು ಸಾಕಿ ಅವುಗಳ ಬೆಳವಣಿಗೆಯನ್ನು ಗುರುತು ಹಾಕಿಕೊಂಡರು; ೧೭೬೯ರಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟಿದುದನ್ನು ದೂರದರ್ಶಕದಿಂದ ವೀಕ್ಷಿಸಿದರು. ಆ ವರ್ಷದ ಜನವರಿ ೧ರಂದು ಆರಂಭಿಸಿದ ದಿನಚರಿಯನ್ನು ಬಾಳಿನ ಕೊನೆಯವರೆಗೆ ನಡೆಸಿಕೊಂಡು ಬಂದರು. ೧೯೦೧ರಲ್ಲಿ ಫ್ರಾಂಕ್ಲಿನ್ ಡೆಕ್ಸ್ಟರ್ ಎಂಬ ವಿದ್ವಾಂಸರು ಇದನ್ನು ಸಂಪಾದಿಸಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದರು.

ಪರಧರ್ಮದವರಿಂದ ಕಲಿಯುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ೧೭೭೩ರಲ್ಲಿ ಪ್ಯಾಲೆಸ್ಟೈನಿನ ಹೆಬ್ರಾನ್ ಪಟ್ಟಣದ ಹಾಯಿಮ್ ಕರಿಗಾಲ್ ಎಂಬ ಯೆಹೂದಿ ಗುರುಗಳು ನ್ಯೂಪೋರ್ಟಿಗೆ ಬಂದಾಗ, ಈ ಕ್ರೈಸ್ತ ಪಾದ್ರಿಗಳು ಅವರ ಬಳಿ ಕುಳಿತು ಹೀಬ್ರೂ ಶಾಸ್ತ್ರಗಳನ್ನು ಚರ್ಚಿಸಿದರು; ಅವರ ಉಡುಪಿನ ವಿವರವನ್ನು ಕೂಡ ಬರೆದಿಟ್ಟರು. ೧೭೯೪ರಲ್ಲಿ ಕಲ್ಕತ್ತೆಯಲ್ಲಿದ್ದ ಸರ್ ವಿಲಿಯಂ ಜೋನ್ಸರಿಗೆ ಒಂದು ಸುದೀರ್ಘವಾದ ಪತ್ರವನ್ನು ಬರೆದು, ಕೊಚ್ಚಿಯ ಯೆಹೂದಿಗಳಲ್ಲಿ ಇರಬಹುದಾದ ಪ್ರಾಚೀನ ಧರ್ಮಗ್ರಂಥಗಳನ್ನು ಹುಡುಕಿಸಬೇಕೆಂದು ಕೇಳಿಕೊಂಡರು. ಅದೇ ವರ್ಷ ಏಪ್ರಿಲಿನಲ್ಲಿ ಜೋನ್ಸರು ಕಾಲವಾದರು. ಭೂಗೋಳದ ಆಚೆಯ ಅಂಚಿನಲ್ಲಿ ಕುಳಿತ ಒಬ್ಬ ಉಪಾಧ್ಯಾಯರ ಮನಸ್ಸು ನಮ್ಮ ಪಶ್ಚಿಮ ಕರಾವಳಿಯ ತಾಳೆಗರಿಯ ನಾಡಿನವರೆಗೆ ಸಂಚರಿಸಿತೆಂಬುದು ಸಣ್ಣ ಸಂಗತಿಯಲ್ಲ.

ಬರಹವನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಯುದ್ಧವು ಅವರಿಗೆ ಕಲಿಸಿತು. ೧೭೭೯ರ ಜುಲೈ ೫ರಂದು ಬ್ರಿಟಿಷ್ ಸೈನ್ಯವು ಕಾಲೇಜಿದ್ದ ನ್ಯೂ ಹೇವನ್ ಪಟ್ಟಣದ ಮೇಲೆ ಬಿದ್ದಿತು. ಹಡಗುಗಳು ಬಂದುದನ್ನು ಅಧ್ಯಕ್ಷರು ಗೋಪುರವನ್ನೇರಿ ದೂರದರ್ಶಕದಿಂದ ಕಂಡರು. ಕಾಲೇಜಿನ ದಾಖಲೆಗಳನ್ನೂ ತಮ್ಮ ಹಸ್ತಪ್ರತಿಗಳನ್ನೂ ಊರಿನಿಂದ ಸಾಗಿಸಿದರು. ಆದರೆ ಹಿಂದಿನ ಅಧ್ಯಕ್ಷರಾದ ಥಾಮಸ್ ಕ್ಲ್ಯಾಪರು ಆಯುಷ್ಯವೆಲ್ಲ ಕೂಡಿಸಿಟ್ಟಿದ್ದ ಕಾಗದಗಳು ಅವರ ಮಗಳ ಮನೆಯಲ್ಲಿದ್ದು, ಸೈನಿಕರ ಕೈಗೆ ಸಿಕ್ಕಿದವು. ಅವನ್ನು ಸಮುದ್ರಕ್ಕೆಸೆದರು. ಕೆಲವು ಹಾಳೆಗಳು ನೀರಿನಲ್ಲಿ ತೇಲುತ್ತ ದೊರಕಿದವು, ಬಹುಭಾಗ ಹೋಯಿತು. ಸ್ಟೈಲ್ಸರು ಶತ್ರುಸೇನಾಪತಿಯಾದ ಟ್ರಯನ್ನನಿಗೇ ಪತ್ರ ಬರೆದು, ಯುದ್ಧವಿರುವುದು ಸೈನ್ಯಗಳೊಡನೆಯೇ ಹೊರತು ವಿದ್ಯೆಯೊಡನೆ ಅಲ್ಲವೆಂಬ ಅರ್ಥದಲ್ಲಿ ವಾದಿಸಿ, ಉಳಿದ ಕಾಗದಗಳನ್ನು ಬೇಡಿದರು. ಹೋದ ಭಂಡಾರವು ಮರಳಲಿಲ್ಲ. ತಮ್ಮ ಬರಹಗಳು ಕಾಲೇಜಿಗೇ ಸೇರಬೇಕೆಂದು ಸ್ಟೈಲ್ಸರು ಬರೆದಿಟ್ಟುದು ಈ ಅನುಭವವನ್ನು ಕಂಡ ಮೇಲೆ.

ಇಷ್ಟೇ ಆಗಿದ್ದರೆ ಇದು ಒಬ್ಬ ಸಜ್ಜನ ವಿದ್ವಾಂಸರ ಸ್ತುತಿಯಾಗಿ ಮುಗಿಯುತ್ತಿತ್ತು. ಆದರೆ ಅವರ ಜೀವನದಲ್ಲಿ ಇನ್ನೊಂದು ಪುಟವುಂಟು. ನ್ಯೂಪೋರ್ಟ್ ಪಟ್ಟಣವು ಗುಲಾಮರ ವ್ಯಾಪಾರದ ರೇವು. ೧೭೫೬ರಲ್ಲಿ ಸ್ಟೈಲ್ಸರು ಆಫ್ರಿಕಕ್ಕೆ ಹೊರಟಿದ್ದ ಒಂದು ಹಡಗಿನಲ್ಲಿ ಒಂದು ಪೀಪಾಯಿ ರಮ್ ಮದ್ಯವನ್ನು ಕಳುಹಿಸಿದರು. ಅದಕ್ಕೆ ಬದಲಾಗಿ ಬಂದವನು ಸುಮಾರು ಹತ್ತು ವರ್ಷದ ಒಬ್ಬ ಬಾಲಕ. ಅವನಿಗೆ ಆ ಊರಿನ ಹೆಸರನ್ನೇ ಇಟ್ಟು ನ್ಯೂಪೋರ್ಟ್ ಎಂದು ಕರೆದರು. ೧೭೭೩ರಲ್ಲಿ ಸ್ಟೈಲ್ಸರು ಸ್ಯಾಮ್ಯುಯೆಲ್ ಹಾಪ್ಕಿನ್ಸರೊಡನೆ ಸೇರಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಮನವಿಗೆ ರುಜು ಹಾಕಿದರು. ಆಗಲೂ ಆ ತರುಣನು ಅವರ ಮನೆಯಲ್ಲಿ ಗುಲಾಮನಾಗಿಯೇ ಇದ್ದನು. ೧೭೭೫ರಲ್ಲಿ ಅವನನ್ನು ತಮ್ಮ ಚರ್ಚಿನ ಪೂರ್ಣ ಸದಸ್ಯನನ್ನಾಗಿ ಸ್ವೀಕರಿಸಿದರು. ಬಿಡುಗಡೆ ಮಾಡಿದ್ದು ೧೭೭೮ರ ಜೂನಿನಲ್ಲಿ, ಯೇಲಿನ ಅಧ್ಯಕ್ಷಪೀಠಕ್ಕೆ ಹೊರಡುವ ಸಮಯದಲ್ಲಿ. ಕೆಲವು ವರ್ಷಗಳ ನಂತರ ಅವನು ಹೆಂಡತಿ ಮಗುವಿನೊಡನೆ ಸಂಬಳದ ಕೆಲಸಕ್ಕಾಗಿ ಅದೇ ಮನೆಯ ಬಾಗಿಲಿಗೆ ಬಂದನು. ೧೭೯೦ರಲ್ಲಿ ಕನೆಕ್ಟಿಕಟ್ಟಿನಲ್ಲಿ ಗುಲಾಮಗಿರಿಯ ವಿರುದ್ಧ ಸ್ಥಾಪಿತವಾದ ಸಂಘಕ್ಕೆ ಸ್ಟೈಲ್ಸರೇ ಅಧ್ಯಕ್ಷರಾದರು.

ಧರ್ಮಬುದ್ಧಿಯುಳ್ಳವರು, ಅಪಾರ ವಿದ್ಯೆಯುಳ್ಳವರು. ಅವರಿಗೆ ತಮ್ಮ ಮನೆಯೊಳಗಿನ ಅನ್ಯಾಯ ಕಾಣುವುದಕ್ಕೆ ಇಪ್ಪತ್ತೆರಡು ವರ್ಷ ಬೇಕಾಯಿತು. ವಿದ್ಯೆಯೊಂದೇ ಮನುಷ್ಯನ ಕಣ್ಣನ್ನು ತೆರೆಯುತ್ತದೆಂಬ ನಮ್ಮ ನಂಬಿಕೆಗೆ ಇದಕ್ಕಿಂತ ಕಠಿನವಾದ ಪರೀಕ್ಷೆ ಇನ್ನೇನು ಬೇಕು? ಆ ಬಾಲಕನ ಬಾಳನ್ನು ನಾವು ತಿಳಿಯುವುದು ಯಜಮಾನನ ಲೇಖನಿಯ ಮೂಲಕವೇ ಎಂಬುದನ್ನೂ ಮರೆಯಲಾಗದು. ಆದರೂ ಆ ಲೇಖನಿಯು ಬರೆದುದು ಉಳಿದಿದ್ದರಿಂದಲೇ ಅವನ ಸುದ್ದಿ ನಮಗೆ ತಲುಪಿತು. ಯೇಲ್ ವಿಶ್ವವಿದ್ಯಾನಿಲಯವು ಗುಲಾಮಗಿರಿಯೊಡನೆ ತನಗಿದ್ದ ಸಂಬಂಧವನ್ನು ಶೋಧಿಸಿ, ೨೦೨೪ರಲ್ಲಿ ಅದರ ಚರಿತ್ರೆಯನ್ನು ಪ್ರಕಟಿಸಿ ಕ್ಷಮೆಯನ್ನು ಕೇಳಿತು. ಹಳೆಯ ಕಾಗದಗಳನ್ನು ಯಾರೋ ಅಭಿಮಾನದಿಂದ ಸುಟ್ಟಿದ್ದರೆ ಅಂತಹ ಶೋಧನೆಗೆ ಆಧಾರವೆಲ್ಲಿ?

ನಮ್ಮ ಮನೆಗಳ ಅಟ್ಟದ ಮೇಲೆಯೂ ಹಿರಿಯರ ಪೆಟ್ಟಿಗೆಗಳಿವೆ. ಉಪಾಧ್ಯಾಯರೊಬ್ಬರು ತೀರಿಕೊಂಡರೆ ಬಿನ್ನವತ್ತಳೆಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಲೆಕ್ಕದ ಪುಸ್ತಕ, ಕಾಗದ, ದಿನಚರಿಗಳನ್ನು ಹಳೆಯ ಕಾಗದದ ವ್ಯಾಪಾರಿಗೆ ತೂಕಕ್ಕೆ ಹಾಕುತ್ತೇವೆ. ಸಮುದ್ರಕ್ಕೆಸೆಯಲು ನಮಗೆ ಶತ್ರುಸೈನ್ಯವೇ ಬೇಕಾಗಿಲ್ಲ. ಹಿರಿಯರ ಗುಣಗಳನ್ನು ಮಾತ್ರ ಆಯ್ದು ಉಳಿಸಿದರೆ ಉಳಿಯುವುದು ಒಂದು ಪಟ. ಎಲ್ಲವನ್ನೂ ಉಳಿಸಿದರೆ ಉಳಿಯುವುದು ಒಬ್ಬ ಮನುಷ್ಯ. ಪಟಕ್ಕೆ ಹೂವನ್ನು ಮುಡಿಸಬಹುದು. ಕಲಿಯುವುದು ಮಾತ್ರ ಮನುಷ್ಯನಿಂದಲೇ.