ಹುಬ್ಬಳ್ಳಿಯ ಹತ್ತಿ ಪೇಟೆ ಮತ್ತು ನಿರ್ಧಾರದ ವಿವೇಕ

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿಯ ಪೂರೈಕೆ ಕುಸಿದಾಗ, ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಬೆಳೆದು ಹುಬ್ಬಳ್ಳಿ ಪೇಟೆಗೆ ಬರುತ್ತಿದ್ದ ಹತ್ತಿಯ ಬೆಲೆ ಗಗನಕ್ಕೇರಿತು. ಬಂದರಿನ ಹೆಸರು ಹೊತ್ತ ದೇಸಿ ‘ಕುಮಟಾ’ ಹತ್ತಿಯನ್ನು, ನ್ಯೂ ಆರ್ಲಿಯನ್ಸ್ ಬೀಜದಿಂದ ಬೆಳೆದ ‘ಧಾರವಾಡ-ಅಮೆರಿಕನ್’ ಹತ್ತಿಯೊಡನೆ ಬೆರೆಸಿ ಮಾರುವ ದುರಾಸೆ ಪೇಟೆಯ ನಂಬಿಕೆಯನ್ನೇ ಕೆಡಿಸುತ್ತಿದ್ದುದರಿಂದ, ಮುಂಬಯಿ ಸರಕಾರ 1863ರಲ್ಲಿ ಕಲಬೆರಕೆ ತಡೆಯುವ ಕಾಯ್ದೆ ತಂದಿತು. 1865ರಲ್ಲಿ ಯುದ್ಧ ಮುಗಿದು ದರ ಇಳಿದಾಗ, ಏರಿದ ಬೆಲೆಯೇ ಶಾಶ್ವತವೆಂದು ನಂಬಿದ್ದ ಮುಂಬಯಿಯ ಅನೇಕ ಸಾಹುಕಾರರು ದಿವಾಳಿಯಾದರು. ಅಂಡಿಗೆಯಿಂದ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದಿಂದ, ಹಿಡಿಯಷ್ಟು ಕಿತ್ತು, ಬೆರಳುಗಳ ನಡುವೆ ಎಳೆದು, ಎಳೆಯ ಉದ್ದ-ಬಲಗಳನ್ನು ಪರೀಕ್ಷಿಸಿದ ಮೇಲೆ ದರ ಹೇಳುವುದು ಹತ್ತಿ ವ್ಯಾಪಾರದ ಹಳೆಯ ಪದ್ಧತಿ. ಸರಕನ್ನು ಹೀಗೆ ಪರೀಕ್ಷಿಸುವ ಶಿಸ್ತಿನಿಂದಲೇ ಬೆಲೆ ಏರಿದ್ದರ ಕಾರಣವನ್ನೂ ಪರೀಕ್ಷಿಸಬಲ್ಲವನೇ ಉದ್ಯಮದ ನಿಜವಾದ ಮುಂದಾಳು.